ಮೂತ್ರ ಸೋರಿಕೆಯುಳ್ಳ ರೋಗಿಗಳು ಮತ್ತು ಕ್ಯಾತಿಟರ್: ಬೇಡವೆನ್ನುವ ಹಕ್ಕು

ಸಾರ್ವಜನಿಕರ ಮಾಹಿತಿಗಾಗಿ

ಮೂತ್ರವನ್ನು ತಡೆದಿಟ್ಟುಕೊಳ್ಳಲಾಗದ ತೊಂದರೆಯುಳ್ಳವರು ಶಸ್ತ್ರಚಿಕಿತ್ಸೆಗಾಗಲಿ, ಸ್ಕ್ಯಾನಿಂಗ್‌ನಂತಹ ಪರೀಕ್ಷೆಗಾಗಲಿ ಆಸ್ಪತ್ರೆಗೆ ದಾಖಲಾದಾಗ, ಅವರ ಮೂತ್ರಕೋಶದೊಳಕ್ಕೆ ಕ್ಯಾತಿಟರ್ ಎಂಬ ಕೊಳವೆಯನ್ನು ಸೇರಿಸುವುದು ಅನೇಕ ಕಡೆ ರೂಢಿಯಲ್ಲಿದೆ. ವಾರ್ಡುಗಳ ಆಡುಮಾತಿನಲ್ಲಿ ಇದನ್ನು ‘ಪೈಪ್ ಹಾಕುವುದು’ ಎನ್ನುತ್ತಾರೆ. ಕೆಲವು ರೋಗಿಗಳಿಗೆ ಇದು ಅತ್ಯಗತ್ಯ. ಮತ್ತೆ ಕೆಲವರಿಗೆ ಅಗತ್ಯವಿರುವುದಿಲ್ಲ. ಹಾಸಿಗೆ ಒದ್ದೆಯಾಗದಿರಲಿ ಎಂಬ ಒಂದೇ ಕಾರಣಕ್ಕೆ ಹಾಕಲಾಗುತ್ತದೆ. ಹಾಕುವ ಮುನ್ನ ತಮ್ಮನ್ನು ಕೇಳಬೇಕೆಂಬುದಾಗಲಿ, ತಾವು ಬೇಡವೆನ್ನಬಹುದೆಂಬುದಾಗಲಿ ಬಹಳಷ್ಟು ರೋಗಿಗಳಿಗೆ ತಿಳಿದಿರುವುದಿಲ್ಲ. ತಿಳಿದವರೂ ಸಂಕೋಚದಿಂದ ಬಾಯಿಬಿಡುವುದಿಲ್ಲ.

ಸ್ವಸ್ಥ ಬುದ್ಧಿಯುಳ್ಳ ವಯಸ್ಕ ರೋಗಿಯು ಕ್ಯಾತಿಟರ್ ಬೇಡವೆಂದರೆ ಅದನ್ನು ಬಲವಂತವಾಗಿ ಅಳವಡಿಸುವಂತಿಲ್ಲ. ಅರಿವಳಿಕೆಯ ಮರೆಯಲ್ಲಿಯೂ ಅಳವಡಿಸುವಂತಿಲ್ಲ. ಈ ಹಕ್ಕಿನ ಆಧಾರ, ಅದರ ಮಿತಿ ಹಾಗೂ ಅದನ್ನು ಬಳಸಿಕೊಳ್ಳುವ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಸೋರಿಕೆಯೊಂದೇ ಕಾರಣವಾಗದು

ಹೆರಿಗೆಯ ನಂತರ ಸೊಂಟದ ತಳಭಾಗದ ಸ್ನಾಯುಗಳು ಸಡಿಲಗೊಂಡ ಮಹಿಳೆಯರು, ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಗೆ ಒಳಗಾದ ಪುರುಷರು, ಬೆನ್ನುಹುರಿಗೆ ಪೆಟ್ಟಾದವರು, ಪಾರ್ಶ್ವವಾಯು, ಪಾರ್ಕಿನ್‌ಸನ್ ಕಾಯಿಲೆ ಅಥವಾ ದೀರ್ಘಕಾಲದ ಮಧುಮೇಹದಿಂದ ನರಗಳು ದುರ್ಬಲಗೊಂಡವರು ಹಾಗೂ ವಯೋವೃದ್ಧರಲ್ಲಿ ಮೂತ್ರ ಸೋರಿಕೆ ಸಾಮಾನ್ಯ. ಇವರಲ್ಲಿ ಹೆಚ್ಚಿನವರು ಪ್ಯಾಡ್, ಡೈಪರ್ ಅಥವಾ ನಿಗದಿತ ವೇಳೆಗೆ ಶೌಚಾಲಯಕ್ಕೆ ಹೋಗುವ ಅಭ್ಯಾಸದಿಂದ ಮನೆಯಲ್ಲಿ ಸ್ವತಂತ್ರವಾಗಿ ಬದುಕುತ್ತಿರುತ್ತಾರೆ. ಮನೆಯಲ್ಲಿ ಸಾಗುವ ಈ ವ್ಯವಸ್ಥೆ ಆಸ್ಪತ್ರೆಯ ಹೊಸ್ತಿಲಲ್ಲಿ ನಿಂತುಹೋಗಬೇಕಾದ ಕಾರಣವೇನೂ ಇಲ್ಲ.

ಮೂತ್ರಕೋಶದಲ್ಲಿಯೇ ಉಳಿಯುವ ಕ್ಯಾತಿಟರ್‌ನ ತುದಿಯಲ್ಲಿ ಸಣ್ಣ ಬಲೂನು ಇರುತ್ತದೆ. ಕೊಳವೆ ಒಳಸೇರಿದ ಬಳಿಕ ಬಲೂನಿಗೆ ನೀರು ತುಂಬಿ ಅದು ಹೊರಜಾರದಂತೆ ಮಾಡಲಾಗುತ್ತದೆ. ಹೊರಗಿನ ವಸ್ತುವೊಂದು ದೇಹದಲ್ಲಿ ಉಳಿಯುವುದರಿಂದ ಸೋಂಕಿನ ಸಾಧ್ಯತೆ ದಿನದಿಂದ ದಿನಕ್ಕೆ ಏರುತ್ತದೆ. ಕೊಳವೆ ಇರುವ ಪ್ರತಿ ದಿನಕ್ಕೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಸೇರಿಕೊಳ್ಳುವ ಸಂಭವವು ಶೇ. 3ರಿಂದ 7ರಷ್ಟೆಂದು ಅಂದಾಜಿಸಲಾಗಿದೆ. ಹೀಗೆ ಸೇರಿದ ಬ್ಯಾಕ್ಟೀರಿಯಾ ಎಲ್ಲರಲ್ಲಿಯೂ ಕಾಯಿಲೆ ಉಂಟುಮಾಡುವುದಿಲ್ಲವಾದರೂ, ವೃದ್ಧರಲ್ಲಿ ಮತ್ತು ಮಧುಮೇಹಿಗಳಲ್ಲಿ ಸೋಂಕು ರಕ್ತಕ್ಕೆ ಹರಡುವ ಅಪಾಯವಿರುತ್ತದೆ. ಮೂತ್ರನಾಳಕ್ಕೆ ಗಾಯ, ರಕ್ತಸ್ರಾವ, ಮುಂದೆ ನಾಳ ಕಿರಿದಾಗುವುದು ಇವು ಇತರ ತೊಂದರೆಗಳು. ಈ ಕಾರಣಗಳಿಂದಾಗಿ ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರದ 2009ರ ಮಾರ್ಗಸೂಚಿಯು, ಮೂತ್ರ ಸೋರಿಕೆಯ ನಿರ್ವಹಣೆಗಾಗಿ ಕ್ಯಾತಿಟರ್ ಬಳಸುವುದನ್ನು ತಪ್ಪಿಸಬೇಕೆಂದು ಹೇಳುತ್ತದೆ. ಶಸ್ತ್ರಚಿಕಿತ್ಸೆಗಾಗಿ ಅಳವಡಿಸಿದ್ದನ್ನು ಸಾಧ್ಯವಾದಷ್ಟು ಬೇಗ, ಮೇಲಾಗಿ 24 ಗಂಟೆಗಳೊಳಗೆ, ತೆಗೆಯಬೇಕೆಂಬುದೂ ಅದರಲ್ಲಿದೆ.

ಆದುದರಿಂದ, ಸೋರಿಕೆಯ ಕಾರಣಕ್ಕೆ ಕ್ಯಾತಿಟರ್ ಬೇಡವೆನ್ನುವ ರೋಗಿಯನ್ನು ‘ಹಟಮಾರಿ’ ಎಂದು ಕಾಣುವುದು ಸರಿಯಲ್ಲ. ಅನೇಕ ಸಂದರ್ಭಗಳಲ್ಲಿ ಅವರು ಕೇಳುತ್ತಿರುವುದು ವೈದ್ಯಶಾಸ್ತ್ರವೇ ಹೇಳುವ ಮಾತನ್ನು. ವಾರ್ಡಿನಲ್ಲಿ ಶುಶ್ರೂಷಾ ಸಿಬ್ಬಂದಿಯ ಕೊರತೆ ಇರುವುದು ನಿಜ. ಮತ್ತೆ ಮತ್ತೆ ಬಟ್ಟೆ ಬದಲಿಸುವುದು ಕಷ್ಟದ ಕೆಲಸವೆಂಬುದೂ ನಿಜ. ಆದರೆ ಆ ಕೊರತೆಯನ್ನು ರೋಗಿಯ ದೇಹದ ಮೂಲಕ ತುಂಬಿಕೊಳ್ಳಲಾಗದು.

ಸಮ್ಮತಿಯ ಕುರಿತು ಕಾನೂನು

ಭಾರತದಲ್ಲಿ ವೈದ್ಯಕೀಯ ಸಮ್ಮತಿಯ ವಿಷಯದಲ್ಲಿ ಮುಖ್ಯವಾದ ತೀರ್ಪು ಸರ್ವೋಚ್ಚ ನ್ಯಾಯಾಲಯವು 2008ರ ಜನವರಿ 16ರಂದು ನೀಡಿದ್ದು. ಪ್ರಕರಣದ ಸಂಗತಿಗಳನ್ನು ಇಲ್ಲಿ ತಿಳಿಸುವುದು ಉಪಯುಕ್ತ. 44 ವರ್ಷದ ಮಹಿಳೆಯೊಬ್ಬರು 1995ರಲ್ಲಿ ಲ್ಯಾಪರೋಸ್ಕೋಪಿ ಪರೀಕ್ಷೆಗೆಂದು ದಾಖಲಾಗಿದ್ದರು. ಅವರು ಅರಿವಳಿಕೆಯಲ್ಲಿದ್ದಾಗ ಹೊರಗೆ ಕಾದಿದ್ದ ತಾಯಿಯ ಸಮ್ಮತಿ ಪಡೆದು ಗರ್ಭಕೋಶ ಮತ್ತು ಅಂಡಾಶಯಗಳನ್ನು ತೆಗೆದುಹಾಕಲಾಯಿತು. ಪ್ರಾಣಾಪಾಯದ ಸನ್ನಿವೇಶವಿರಲಿಲ್ಲ, ರೋಗಿಗೆ ಎಚ್ಚರವಾಗುವವರೆಗೆ ಕಾಯಬಹುದಿತ್ತು. ರೋಗಿಯು ತಾನೇ ನಿರ್ಧರಿಸಬಲ್ಲ ವಯಸ್ಕಳಾಗಿದ್ದುದರಿಂದ ತಾಯಿಯ ಸಮ್ಮತಿಗೆ ಬೆಲೆಯಿಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ವೈದ್ಯರಿಗೆ ಶುಲ್ಕವನ್ನು ನಿರಾಕರಿಸಿ, ರೂ. 25,000 ಪರಿಹಾರ ನೀಡುವಂತೆ ಆದೇಶಿಸಿತು.

ಈ ತೀರ್ಪಿನಿಂದ ಸ್ಥಾಪಿತವಾದ ನಿಯಮಗಳು ಕ್ಯಾತಿಟರ್ ವಿಷಯಕ್ಕೂ ಅನ್ವಯವಾಗುತ್ತವೆ. ಸಮ್ಮತಿಯು ಸ್ವಯಂಪ್ರೇರಿತವಾಗಿರಬೇಕು. ಮಾಡಲಿರುವ ಕ್ರಿಯೆಯ ಸ್ವರೂಪ, ಉದ್ದೇಶ, ಪ್ರಯೋಜನ, ಗಣನೀಯ ಅಪಾಯಗಳು, ಲಭ್ಯವಿರುವ ಬದಲಿ ಮಾರ್ಗಗಳು ಹಾಗೂ ನಿರಾಕರಿಸಿದರೆ ಆಗಬಹುದಾದ ಪರಿಣಾಮ ಇವನ್ನು ರೋಗಿಗೆ ಮೊದಲೇ ತಿಳಿಸಿರಬೇಕು. ಪರೀಕ್ಷೆಗೆ ನೀಡಿದ ಸಮ್ಮತಿಯು ಚಿಕಿತ್ಸೆಗೆ ನೀಡಿದ ಸಮ್ಮತಿಯಾಗುವುದಿಲ್ಲ. ಒಂದು ಚಿಕಿತ್ಸೆಗೆ ನೀಡಿದ್ದು ಇನ್ನೊಂದಕ್ಕೆ ಸಲ್ಲುವುದಿಲ್ಲ. ಪ್ರಾಣ ಅಥವಾ ಆರೋಗ್ಯವನ್ನು ಉಳಿಸಲು ತಕ್ಷಣವೇ ಮಾಡಬೇಕಾದ, ರೋಗಿಯ ಒಪ್ಪಿಗೆಗಾಗಿ ಕಾಯುವುದು ಯುಕ್ತವಲ್ಲದ ಕ್ರಿಯೆಗೆ ಮಾತ್ರ ವಿನಾಯಿತಿ ಇದೆ.

ದೇಹದ ಮೇಲಿನ ಅಧಿಕಾರವು ಸಂವಿಧಾನದ 21ನೇ ಅನುಚ್ಛೇದದ ಭಾಗವೆಂಬುದನ್ನು ಸರ್ವೋಚ್ಚ ನ್ಯಾಯಾಲಯವು 2017ರ ಆಗಸ್ಟ್ 24ರ ಖಾಸಗಿತನದ ತೀರ್ಪಿನಲ್ಲಿಯೂ, ಚಿಕಿತ್ಸೆಯನ್ನು ನಿರಾಕರಿಸುವ ಹಕ್ಕನ್ನು 2018ರ ಮಾರ್ಚ್ 9ರ ತೀರ್ಪಿನಲ್ಲಿಯೂ ಎತ್ತಿಹಿಡಿದಿದೆ.

ಶಸ್ತ್ರಚಿಕಿತ್ಸೆಯ ಸಮ್ಮತಿ ಪತ್ರದಲ್ಲಿ ‘ವೈದ್ಯರು ಅಗತ್ಯವೆಂದು ಭಾವಿಸುವ ಇತರ ಎಲ್ಲ ಕ್ರಮಗಳಿಗೂ ಒಪ್ಪಿರುತ್ತೇನೆ’ ಎಂಬ ಸಾಲು ಮುದ್ರಿತವಾಗಿರುವುದುಂಟು. ರೋಗಿಯು ಕ್ಯಾತಿಟರ್ ಬೇಡವೆಂದು ಮೊದಲೇ ಸ್ಪಷ್ಟವಾಗಿ ತಿಳಿಸಿರುವಲ್ಲಿ ಇಂತಹ ಸಾಮಾನ್ಯ ಸಾಲನ್ನು ತೋರಿಸಿ ಆ ಮಾತನ್ನು ಬದಿಗೊತ್ತುವುದು ಸಮಂಜಸವಲ್ಲ. ಆದರೂ ಸಹಿ ಮಾಡುವ ಮುನ್ನ ಆ ಸಾಲಿನ ಪಕ್ಕದಲ್ಲಿ ‘ಮೂತ್ರದ ಕ್ಯಾತಿಟರ್ ಹೊರತುಪಡಿಸಿ’ ಎಂದು ಕೈಬರಹದಲ್ಲಿ ಸೇರಿಸಿ, ಅಲ್ಲಿಯೂ ಸಹಿ ಹಾಕುವುದು ಸೂಕ್ತ. ಪತ್ರವು ತಮಗೆ ತಿಳಿಯದ ಭಾಷೆಯಲ್ಲಿದ್ದರೆ ಓದಿ ಹೇಳುವಂತೆ ಕೇಳಬೇಕು; ಅರ್ಥವಾಗುವವರೆಗೆ ಸಹಿ ಮಾಡಬೇಕಾಗಿಲ್ಲ.

ಯಾರ ಮಾತು ನಡೆಯಬೇಕು?

ಈ ಪ್ರಶ್ನೆಗೆ ಉತ್ತರ ಸರಳವಾಗಿದ್ದರೂ ಆಚರಣೆಯಲ್ಲಿ ಅತಿ ಹೆಚ್ಚು ತಪ್ಪುವುದು ಇಲ್ಲಿಯೇ. ವಯಸ್ಸಾದ ತಾಯಿ ಹಾಸಿಗೆಯ ಮೇಲೆ ಎಚ್ಚರವಾಗಿ ಕುಳಿತಿರುವಾಗ, ಕಾರಿಡಾರಿನಲ್ಲಿ ನಿಂತ ಮಗನನ್ನು ಕೇಳಿ ಸಹಿ ಪಡೆಯುವುದು ನಮ್ಮಲ್ಲಿ ಸಹಜವೆಂಬಂತೆ ನಡೆದುಬಂದಿದೆ. ಭಾರತೀಯ ವೈದ್ಯಕೀಯ ಪರಿಷತ್ತಿನ ವೃತ್ತಿ ನಡತೆ ನಿಯಮಗಳು, 2002ರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಪತಿ ಅಥವಾ ಪತ್ನಿ, ಅಪ್ರಾಪ್ತರಾದಲ್ಲಿ ತಂದೆತಾಯಿ ಅಥವಾ ಪೋಷಕರು, ಇಲ್ಲವೇ ರೋಗಿಯ ಲಿಖಿತ ಸಮ್ಮತಿ ಪಡೆಯಬೇಕೆಂದಿದೆ. ಇದಕ್ಕೆ ಬದಲಾಗಿ ಬಂದ ಹೊಸ ನಿಯಮಗಳನ್ನು 2023ರ ಆಗಸ್ಟ್ ತಿಂಗಳಲ್ಲಿ ತಡೆಹಿಡಿದು, 2002ರ ನಿಯಮಗಳನ್ನೇ ಮತ್ತೆ ಜಾರಿಗೊಳಿಸಲಾಯಿತು. ಮನೆಯವರ ಸಹಿ ಸಾಕೆಂಬ ತಪ್ಪು ಕಲ್ಪನೆಗೆ ಈ ವಾಕ್ಯರಚನೆಯೂ ಎಡೆಮಾಡಿಕೊಟ್ಟಿರಬಹುದು. ಆದರೆ ನಿರ್ಧರಿಸಲು ಶಕ್ತರಾದ ವಯಸ್ಕ ರೋಗಿಯ ಸ್ಥಾನದಲ್ಲಿ ಇನ್ನೊಬ್ಬರು ಸಮ್ಮತಿ ನೀಡಲಾಗದೆಂಬುದು ಮೇಲ್ಕಂಡ 2008ರ ತೀರ್ಪಿನ ತಿರುಳು. ಪತಿ, ಮಗ, ಸೊಸೆ ಯಾರೇ ಒಪ್ಪಿದ್ದರೂ ರೋಗಿಯು ಬೇಡವೆಂದರೆ ಬೇಡ. ಹಾಗೆಯೇ ರೋಗಿಯು ಬೇಕೆಂದಾಗ ಮನೆಯವರು ತಡೆಯುವಂತೆಯೂ ಇಲ್ಲ.

ರೋಗಿಯು 18 ವರ್ಷದೊಳಗಿನವರಾಗಿದ್ದಲ್ಲಿ ತಂದೆತಾಯಿ ಅಥವಾ ಪೋಷಕರು ನಿರ್ಧರಿಸುತ್ತಾರೆ. ಮರೆಗುಳಿತನವುಳ್ಳವರ ವಿಷಯದಲ್ಲಿ ಆತುರದ ತೀರ್ಮಾನ ಸಲ್ಲದು. ನಿನ್ನೆಯ ದಿನಾಂಕ ನೆನಪಿಲ್ಲದವರಿಗೂ ತಮ್ಮ ಮೈಯೊಳಗೆ ಕೊಳವೆ ಹಾಕುವುದು ಬೇಕೇ ಬೇಡವೇ ಎಂಬುದು ತಿಳಿಯಬಹುದು. ಸರಳ ಮಾತುಗಳಲ್ಲಿ, ನಿಧಾನವಾಗಿ ಕೇಳಬೇಕು. ನಿಜವಾಗಿಯೂ ಅರ್ಥವಾಗದ ಸ್ಥಿತಿಯಿದ್ದಾಗ, ಮನೆಯವರು ತಮ್ಮ ಅನುಕೂಲವನ್ನಲ್ಲದೆ ರೋಗಿಯು ಹಿಂದೆ ಏನು ಬಯಸುತ್ತಿದ್ದರೆಂಬುದನ್ನು ವೈದ್ಯರಿಗೆ ತಿಳಿಸಬೇಕು.

ತುರ್ತು ಸಂದರ್ಭದಲ್ಲಿ, ಸಮ್ಮತಿ ಸೂಚಿಸಲಾಗದ ಸ್ಥಿತಿಯಲ್ಲಿರುವ ವ್ಯಕ್ತಿಯ ಹಿತಕ್ಕಾಗಿ ಸದ್ಭಾವನೆಯಿಂದ ಮಾಡಿದ ಕ್ರಿಯೆಗೆ ಭಾರತೀಯ ನ್ಯಾಯ ಸಂಹಿತೆ, 2023ರ 30ನೇ ಪ್ರಕರಣವು (ಹಿಂದಿನ ಭಾರತೀಯ ದಂಡ ಸಂಹಿತೆಯ 92ನೇ ಪ್ರಕರಣ) ರಕ್ಷಣೆ ನೀಡುತ್ತದೆ. ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಬಂದವರಿಗೆ ಕ್ಯಾತಿಟರ್ ಹಾಕಿದ ವೈದ್ಯರ ಮೇಲೆ ಆಕ್ಷೇಪ ಎತ್ತಲಾಗದು. ಆದರೆ ಈ ಪ್ರಕರಣವು ಒಪ್ಪಿಗೆ ಪಡೆಯಲು ಸಾಧ್ಯವೇ ಇಲ್ಲದಿದ್ದಾಗಿನ ಮಾತು. ಎಚ್ಚರವಿದ್ದು ಬೇಡವೆಂದವರ ಮಾತನ್ನು ಮೀರುವುದಕ್ಕಾಗಿ ರಚಿತವಾದುದಲ್ಲ.

ಕ್ಯಾತಿಟರ್ ನಿಜಕ್ಕೂ ಬೇಕಾಗುವ ಸಂದರ್ಭಗಳು

ನಿರಾಕರಿಸುವ ಹಕ್ಕನ್ನು ಬಳಸುವ ಮುನ್ನ ಇದನ್ನು ಗಮನವಿಟ್ಟು ಓದಬೇಕೆಂದು ಕೋರಲಾಗಿದೆ.

ಸೋರಿಕೆಯ ಒಂದು ಬಗೆಯಲ್ಲಿ ಮೂತ್ರಕೋಶವು ಖಾಲಿಯಾಗುವುದೇ ಇಲ್ಲ. ಅದು ತುಂಬಿ, ಕೊಡ ತುಳುಕಿದಂತೆ ಹನಿಹನಿಯಾಗಿ ಹೊರಬರುತ್ತದೆ. ಪ್ರಾಸ್ಟೇಟ್ ಊದಿಕೊಂಡವರಲ್ಲಿ, ಮಧುಮೇಹದಿಂದ ನರ ದುರ್ಬಲಗೊಂಡವರಲ್ಲಿ, ಬೆನ್ನುಹುರಿಯ ಗಾಯವುಳ್ಳವರಲ್ಲಿ ಇದು ಕಂಡುಬರುತ್ತದೆ. ಹೊರಗಿನಿಂದ ನೋಡಿದರೆ ‘ಮೂತ್ರ ಹೋಗುತ್ತಲೇ ಇದೆ’ ಎನಿಸಿದರೂ ಒಳಗೆ ಕಟ್ಟಿಕೊಂಡಿರುತ್ತದೆ. ಇಂತಹವರು ಕ್ಯಾತಿಟರ್ ನಿರಾಕರಿಸಿದರೆ ಮೂತ್ರಪಿಂಡಗಳಿಗೆ ಹಾನಿಯಾಗಬಹುದು. ಬೆನ್ನುಹುರಿಯ ಮೇಲ್ಭಾಗದಲ್ಲಿ ಗಾಯವಾದವರಿಗೆ ಮೂತ್ರಕೋಶ ತುಂಬಿದಾಗ ರಕ್ತದೊತ್ತಡ ಹಠಾತ್ತನೆ ಏರಿ ಪ್ರಾಣಾಪಾಯವೂ ಒದಗಬಹುದು. ತಮ್ಮ ಸೋರಿಕೆ ಯಾವ ಬಗೆಯದೆಂದು ತಿಳಿಯದವರು ಮೂತ್ರ ವಿಸರ್ಜಿಸಿದ ಬಳಿಕ ಒಳಗೆ ಎಷ್ಟು ಉಳಿದಿದೆ ಎಂಬುದನ್ನು ಅಲ್ಟ್ರಾಸೌಂಡ್ ಮೂಲಕ ಅಳೆಯುವಂತೆ ವೈದ್ಯರನ್ನು ಕೇಳಬೇಕು. ಹೊಟ್ಟೆಯ ಮೇಲ್ಮೈಯಿಂದಲೇ ಮಾಡುವ, ನೋವಿಲ್ಲದ ಪರೀಕ್ಷೆಯಿದು.

ತೀವ್ರ ನಿಗಾ ಘಟಕದಲ್ಲಿ ಗಂಟೆಗೊಮ್ಮೆ ಮೂತ್ರದ ಪ್ರಮಾಣವನ್ನು ಅಳೆಯಬೇಕಾದಾಗ, ದೀರ್ಘಕಾಲ ನಡೆಯುವ ಶಸ್ತ್ರಚಿಕಿತ್ಸೆಗಳಲ್ಲಿ, ಮೂತ್ರಕೋಶದ ಸುತ್ತಮುತ್ತಲ ಅಂಗಗಳ ಶಸ್ತ್ರಚಿಕಿತ್ಸೆಗಳಲ್ಲಿ (ತುಂಬಿದ ಮೂತ್ರಕೋಶಕ್ಕೆ ಪೆಟ್ಟಾಗದಿರಲೆಂದು), ಹಾಗೂ ಪೃಷ್ಠ ಭಾಗದ ತೆರೆದ ಹುಣ್ಣು ಮೂತ್ರ ತಾಗಿ ಮಾಯದಿರುವಾಗ ಕ್ಯಾತಿಟರ್‌ಗೆ ಸಕಾರಣವಿದೆ. ಕೆಲವು ಪರೀಕ್ಷೆಗಳಲ್ಲಂತೂ ಕ್ಯಾತಿಟರ್ ಪರೀಕ್ಷೆಯ ಅಂಗವೇ ಆಗಿರುತ್ತದೆ. ಮೂತ್ರಕೋಶದೊಳಗಿನ ಒತ್ತಡವನ್ನು ಅಳೆಯುವ ಯೂರೋಡೈನಮಿಕ್ ಪರೀಕ್ಷೆ, ದ್ರಾವಣ ತುಂಬಿ ಎಕ್ಸ್-ರೇ ತೆಗೆಯುವ ಪರೀಕ್ಷೆ ಈ ಬಗೆಯವು. ಇಲ್ಲಿ ಕೊಳವೆ ಬೇಡವೆಂದರೆ ಪರೀಕ್ಷೆಯೇ ಬೇಡವೆಂದಂತೆ. ಎಂಆರ್‌ಐ, ಸಿಟಿ ಸ್ಕ್ಯಾನ್, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮೊದಲಾದವುಗಳ ವಿಷಯ ಬೇರೆ. ಅಲ್ಲಿ ಸೋರಿಕೆಯೊಂದಕ್ಕಾಗಿ ಕೊಳವೆ ಹಾಕಲು ಸಾಮಾನ್ಯವಾಗಿ ಕಾರಣವಿರುವುದಿಲ್ಲ.

ಕ್ಯಾತಿಟರ್ ಇಲ್ಲದೆ ತುರ್ತಲ್ಲದ ಶಸ್ತ್ರಚಿಕಿತ್ಸೆಯೊಂದನ್ನು ಸುರಕ್ಷಿತವಾಗಿ ಮಾಡಲಾಗದೆಂದು ವೈದ್ಯರು ಭಾವಿಸಿದರೆ, ಕಾರಣವನ್ನು ತಿಳಿಸಿ ಅದನ್ನು ಮಾಡಲು ಒಪ್ಪದಿರಬಹುದು. ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ರೋಗಿಗೆ ಅವಕಾಶವಿರಬೇಕು. ಆದರೆ ‘ಸರಿ, ಹಾಕುವುದಿಲ್ಲ’ ಎಂದು ಹೇಳಿ ಅರಿವಳಿಕೆ ಕೊಟ್ಟ ಮೇಲೆ ಹಾಕುವುದು ನ್ಯಾಯಸಮ್ಮತವಲ್ಲ. ಶಸ್ತ್ರಚಿಕಿತ್ಸೆಯ ನಡುವೆ ಅನಿರೀಕ್ಷಿತ ತೊಡಕು ಎದುರಾದರೆ ಏನು ಮಾಡಬೇಕೆಂಬುದನ್ನು ಮೊದಲೇ ಮಾತನಾಡಿ ಬರೆದಿಟ್ಟುಕೊಳ್ಳುವುದು ಇಬ್ಬರಿಗೂ ಕ್ಷೇಮ.

ಬದಲಿ ವ್ಯವಸ್ಥೆಗಳು

ಶಸ್ತ್ರಚಿಕಿತ್ಸಾ ಕೊಠಡಿಗೆ ಹೋಗುವ ಮುನ್ನ ಮೂತ್ರಕೋಶವನ್ನು ಖಾಲಿ ಮಾಡಿಕೊಳ್ಳುವುದು, ವಯಸ್ಕರ ಡೈಪರ್, ಹೀರುವ ಪ್ಯಾಡ್ ಮತ್ತು ಜಲನಿರೋಧಕ ಹಾಸು ಬಳಸುವುದು, ಮಲಗಿದಲ್ಲಿಯೇ ಬೆಡ್‌ಪ್ಯಾನ್ ಅಥವಾ ಯೂರಿನಲ್ ಉಪಯೋಗಿಸುವುದು ಸಾಮಾನ್ಯ ಮಾರ್ಗಗಳು. ಪುರುಷರಿಗೆ ಕಾಂಡೋಮ್ ಕ್ಯಾತಿಟರ್ ದೊರೆಯುತ್ತದೆ. ಇದು ಹೊರಗಿನಿಂದ ತೊಡಿಸುವಂಥದು, ಒಳಕ್ಕೆ ಹೋಗುವುದಿಲ್ಲ. ಮಹಿಳೆಯರಿಗೂ ಹೊರಗಿನಿಂದ ಮೂತ್ರ ಹೀರುವ ಸಾಧನಗಳಿವೆಯಾದರೂ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಮೂತ್ರ ಕಟ್ಟಿಕೊಳ್ಳುವವರಿಗೆ ಆಗಾಗ್ಗೆ ಕೊಳವೆ ಸೇರಿಸಿ, ಖಾಲಿ ಮಾಡಿ, ಕೂಡಲೇ ತೆಗೆಯುವ ವಿಧಾನವಿದೆ. ಮನೆಯಲ್ಲಿ ಇದನ್ನು ತಾವೇ ಮಾಡಿಕೊಳ್ಳುತ್ತಿರುವವರು ಆಸ್ಪತ್ರೆಯಲ್ಲಿಯೂ ತಾವೇ ಮಾಡಿಕೊಳ್ಳುವುದಾಗಿ ಕೇಳಬಹುದು.

ಡೈಪರ್ ಇದ್ದಲ್ಲಿ ಆಗಾಗ ಬದಲಿಸುವುದೂ ಚರ್ಮವನ್ನು ಒಣಗಿಸಿಡುವುದೂ ಅಗತ್ಯ. ಇಲ್ಲವಾದರೆ ಹಾಸಿಗೆ ಹುಣ್ಣಾಗುತ್ತದೆ. ಸೋರಿಕೆಯ ಭಯದಿಂದ ಹಿಂದಿನ ದಿನದಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಬಾರದು. ಮೂತ್ರ ಹೆಚ್ಚಿಸುವ ಮಾತ್ರೆಗಳ ವೇಳೆಯನ್ನು ಬದಲಿಸಲು ವೈದ್ಯರನ್ನೇ ಕೇಳಬೇಕು.

ದಾಖಲಾಗುವ ಮುನ್ನ ಮಾಡಬೇಕಾದುದು

ಶಸ್ತ್ರಚಿಕಿತ್ಸೆಯ ದಿನ ಬೆಳಿಗ್ಗೆ, ಸ್ಟ್ರೆಚರ್ ಮೇಲೆ ಮಲಗಿರುವಾಗ ಈ ವಿಷಯವನ್ನು ಎತ್ತಿದರೆ ಯಾರಿಗೂ ಸಮಯವಿರುವುದಿಲ್ಲ. ಹೊರರೋಗಿ ವಿಭಾಗದಲ್ಲಿ ದಿನಾಂಕ ನಿಗದಿಯಾಗುವಾಗಲೇ ಶಸ್ತ್ರಚಿಕಿತ್ಸಕರಿಗೆ ತಿಳಿಸಿ, ಅರಿವಳಿಕೆ ತಜ್ಞರ ತಪಾಸಣೆಯ ವೇಳೆ ಪುನಃ ಹೇಳಿ, ದಾಖಲಾದ ಮೇಲೆ ವಾರ್ಡಿನ ಶುಶ್ರೂಷಾಧಿಕಾರಿಗೆ ಲಿಖಿತವಾಗಿ ಕೊಡಬೇಕು. ಕೇಸ್ ಶೀಟಿನಲ್ಲಿ ಅದನ್ನು ಸೇರಿಸಿದ್ದಾರೆಯೇ ಎಂದು ವಿಚಾರಿಸಬೇಕು. ಬರೆಯಲು ಬಾರದವರು ಬೇರೆಯವರಿಂದ ಬರೆಸಿ ಹೆಬ್ಬೆಟ್ಟಿನ ಗುರುತು ಹಾಕಬಹುದು. ಇದಕ್ಕೆ ಛಾಪಾ ಕಾಗದ ಅಥವಾ ನೋಟರಿ ಬೇಕಾಗಿಲ್ಲ. (ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಬೇಕಾಗುವುದು ಜೀವರಕ್ಷಕ ಚಿಕಿತ್ಸೆಯ ಕುರಿತ ಮುಂಗಡ ನಿರ್ದೇಶನಕ್ಕೆ, ಅದು ಬೇರೆ ವಿಷಯ.)

ಮಾದರಿ:

‘ಇವರಿಗೆ,
ವೈದ್ಯಕೀಯ ಅಧೀಕ್ಷಕರು, ............ ಆಸ್ಪತ್ರೆ, ............

ಮಾನ್ಯರೇ,
............ ದಿನಾಂಕದಂದು ನನಗೆ ............ ಶಸ್ತ್ರಚಿಕಿತ್ಸೆ/ಪರೀಕ್ಷೆ ನಿಗದಿಯಾಗಿರುತ್ತದೆ. ನನಗೆ ಮೂತ್ರ ಸೋರಿಕೆಯ ತೊಂದರೆಯಿದ್ದು, ಡೈಪರ್/ಪ್ಯಾಡ್ ಬಳಸುತ್ತೇನೆ. ಮೂತ್ರಕೋಶಕ್ಕೆ ಕ್ಯಾತಿಟರ್ ಅಳವಡಿಸಲು ನನ್ನ ಸಮ್ಮತಿ ಇರುವುದಿಲ್ಲ. ನಿರಾಕರಣೆಯಿಂದ ಆಗಬಹುದಾದ ಪರಿಣಾಮಗಳನ್ನು ವೈದ್ಯರು ನನಗೆ ವಿವರಿಸಿದ್ದಾರೆ. ಶಸ್ತ್ರಚಿಕಿತ್ಸೆಯ ನಡುವೆ ಪ್ರಾಣಾಪಾಯ ಒದಗಿ ಕ್ಯಾತಿಟರ್ ಅನಿವಾರ್ಯವಾದಲ್ಲಿ ಮಾತ್ರ ಅಳವಡಿಸಬಹುದು/ಆಗಲೂ ಬೇಡ (ಬೇಡವಾದುದನ್ನು ಹೊಡೆದುಹಾಕಿ). ಅಳವಡಿಸಿದಲ್ಲಿ ಕಾರಣವನ್ನು ದಾಖಲಿಸಿ, ಸಾಧ್ಯವಾದಷ್ಟು ಬೇಗ ತೆಗೆಯುವಂತೆ ಕೋರುತ್ತೇನೆ.

ರೋಗಿಯ ಸಹಿ/ಹೆಬ್ಬೆಟ್ಟಿನ ಗುರುತು, ಸಾಕ್ಷಿಯ ಸಹಿ, ದಿನಾಂಕ ಮತ್ತು ವೇಳೆ’

ಎರಡು ಪ್ರತಿಗಳನ್ನು ಮಾಡಿ, ಒಂದರ ಮೇಲೆ ಸ್ವೀಕೃತಿ ಸಹಿ ಪಡೆದು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಹೀಗೆ ಬರೆದುಕೊಟ್ಟ ಕಾರಣಕ್ಕೆ ಉಳಿದ ಚಿಕಿತ್ಸೆಯಲ್ಲಿ ತಾರತಮ್ಯ ತೋರುವಂತಿಲ್ಲ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಪಡೆಯುವವರಿಗೂ, ಹಣ ಪಾವತಿಸುವವರಿಗೂ ಈ ವಿಷಯದಲ್ಲಿ ಭೇದವಿಲ್ಲ.

ಒಪ್ಪಿದ ನಂತರ ಮನಸ್ಸು ಬದಲಾದರೆ

ನೀಡಿದ ಸಮ್ಮತಿಯನ್ನು ಯಾವಾಗ ಬೇಕಾದರೂ ಹಿಂಪಡೆಯಬಹುದು. ಕ್ಯಾತಿಟರ್ ಈಗಾಗಲೇ ಅಳವಡಿಸಲಾಗಿದ್ದರೆ ತೆಗೆಯುವಂತೆ ಕೇಳಬಹುದು. ಇನ್ನೂ ಏಕೆ ಬೇಕೆಂದು ಪ್ರತಿದಿನ ವಿಚಾರಿಸಬಹುದು. ಆದರೆ ಯಾವ ಕಾರಣಕ್ಕೂ ತಾವೇ ಎಳೆದುಕೊಳ್ಳಬಾರದು. ಬಲೂನಿನಲ್ಲಿ ನೀರು ತುಂಬಿರುವುದರಿಂದ ಮೂತ್ರನಾಳ ಹರಿದು ರಕ್ತಸ್ರಾವವಾಗುತ್ತದೆ. ತೆಗೆದ ನಂತರ 6ರಿಂದ 8 ಗಂಟೆಗಳೊಳಗೆ ಮೂತ್ರ ಬರದಿದ್ದರೆ ಅಥವಾ ಕಿಬ್ಬೊಟ್ಟೆ ಉಬ್ಬಿ ನೋವಾದರೆ ಕೂಡಲೇ ಸಿಬ್ಬಂದಿಗೆ ತಿಳಿಸಬೇಕು.

ಕ್ಯಾತಿಟರ್‌ಗೆ ಒಪ್ಪಿದವರಿಗೂ ಮರ್ಯಾದೆಯ ಹಕ್ಕಿದೆ. ಪರದೆ ಎಳೆಯುವಂತೆ, ಅನಗತ್ಯ ಜನರನ್ನು ಹೊರಗೆ ಕಳುಹಿಸುವಂತೆ ಕೇಳಬಹುದು. ಮಹಿಳಾ ರೋಗಿಯನ್ನು ಪುರುಷ ವೈದ್ಯರು ಪರೀಕ್ಷಿಸುವಾಗ ಮತ್ತೊಬ್ಬ ಮಹಿಳೆ ಉಪಸ್ಥಿತರಿರಬೇಕೆಂಬುದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿದೆ.

ದೂರು ಸಲ್ಲಿಸುವ ಕ್ರಮ

ಬೇಡವೆಂದ ಮೇಲೂ ಕ್ಯಾತಿಟರ್ ಅಳವಡಿಸಲಾಗಿದ್ದರೆ ಮೊದಲು ವೈದ್ಯಕೀಯ ದಾಖಲೆಗಳ ಪ್ರತಿಗಾಗಿ ಲಿಖಿತ ಅರ್ಜಿ ಸಲ್ಲಿಸಬೇಕು. 2002ರ ನಿಯಮಗಳ ಪ್ರಕಾರ 72 ಗಂಟೆಗಳೊಳಗೆ ದಾಖಲೆ ನೀಡಬೇಕು. ಸರ್ಕಾರಿ ಆಸ್ಪತ್ರೆಯಾಗಿದ್ದಲ್ಲಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೂ ಕೇಳಬಹುದು; ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ.

ಸರ್ಕಾರಿ ಆಸ್ಪತ್ರೆಯ ವಿರುದ್ಧದ ದೂರನ್ನು ವೈದ್ಯಕೀಯ ಅಧೀಕ್ಷಕರಿಗೆ ಅಥವಾ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ನೀಡಬೇಕು. 104 ಆರೋಗ್ಯ ಸಹಾಯವಾಣಿಯಲ್ಲಿಯೂ ದಾಖಲಿಸಬಹುದು. ಅಲ್ಲಿ ಪರಿಹಾರ ಸಿಗದಿದ್ದರೆ ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಘಟನೆ ನಡೆದ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಖಾಸಗಿ ಆಸ್ಪತ್ರೆಯಾದಲ್ಲಿ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ವೈದ್ಯರ ವೃತ್ತಿ ನಡತೆಯ ಕುರಿತ ದೂರು ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಸೇರುತ್ತದೆ. ಹಣ ಪಾವತಿಸಿ ಪಡೆದ ಚಿಕಿತ್ಸೆಗೆ ಪರಿಹಾರ ಕೋರುವವರು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗವನ್ನು ಸಂಪರ್ಕಿಸಬೇಕು. ಪಾವತಿಸಿದ ಮೊತ್ತ ರೂ. 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಗಳು ಈ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ.

ಮಹಿಳೆಯರು, ವಿಕಲಚೇತನರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಇದಕ್ಕಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಖುದ್ದಾಗಿ ಅಥವಾ 15100 ಸಂಖ್ಯೆಗೆ ಕರೆ ಮಾಡಿ ಸಂಪರ್ಕಿಸಬಹುದು. ದೂರಿನೊಂದಿಗೆ ಸ್ವೀಕೃತಿ ಪಡೆದ ನಿರಾಕರಣಾ ಪತ್ರದ ಪ್ರತಿ, ಸಮ್ಮತಿ ಪತ್ರದ ಪ್ರತಿ ಮತ್ತು ಬಿಡುಗಡೆ ಸಾರಾಂಶವನ್ನು ಲಗತ್ತಿಸತಕ್ಕದ್ದು.